ಗೋಧಿಗೊಂದು ಬೇರೆ ಒಲೆ

ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಖಚಿತವಾದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಮನೆಯ ಅಡುಗೆಮನೆಯನ್ನು ಬದಲಾಯಿಸಿದ ಕೆಲಸದ ದಾಖಲೆ ಇದು. ಏನು ಕೊಂಡೆವು, ಎಷ್ಟು ಖರ್ಚಾಯಿತು, ಯಾವುದು ಹೊಂದಲಿಲ್ಲ, ಊರು ಬಿಟ್ಟು ಹೊರಟಾಗ ಏನು ಕಟ್ಟಿಕೊಳ್ಳುತ್ತೇವೆ ಎಂಬುದನ್ನೆಲ್ಲ ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಒಂದು ಕೆಲಸ ಇನ್ನೂ ಕೈಗೆ ಹತ್ತಿಲ್ಲ. ಅದು ಕೊನೆಯಲ್ಲಿದೆ.

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅವಳ ಸಣ್ಣಕರುಳನ್ನು ಕೆಡಿಸುತ್ತದೆ. ಇದಕ್ಕೆ ಔಷಧವಿಲ್ಲ, ಜೀವನಪೂರ್ತಿ ಅದನ್ನು ಬಿಡುವುದೇ ಚಿಕಿತ್ಸೆ. “ನೀವು ಹೇಗೂ ಅನ್ನ ಉಣ್ಣುವವರು, ನಿಮಗೇನು ಕಷ್ಟ?” ಎಂದು ಕೇಳಿದವರು ಬಹಳ ಮಂದಿ. ಚಪಾತಿ ಕಣ್ಣಿಗೆ ಕಾಣುತ್ತದೆ, ಅದನ್ನು ಬಿಡುವುದು ಸುಲಭ. ಕಾಣದಂತೆ ಬಂದು ಸೇರುವ ಚಿಟಿಕೆ ಹಿಟ್ಟನ್ನು ಹುಡುಕುವುದರಲ್ಲೇ ನಮ್ಮ ಕೆಲಸದ ಮುಕ್ಕಾಲು ಪಾಲು ಹೋಯಿತು.

1. ಕೆಲಸಕ್ಕೆ ಕೈ ಹಾಕುವ ಮೊದಲು

ಕಬ್ಬಿಣದ ಗುಳಿಗೆ ನುಂಗಿದರೂ ಏರದ ಹಿಮೋಗ್ಲೋಬಿನ್, ಓರಗೆಯವರಿಗಿಂತ ಕಡಿಮೆ ಎತ್ತರ, ಆಗಾಗ ಹೊಟ್ಟೆ ಉಬ್ಬರ. ಮೊದಲು ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೊಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದ ಬಯಾಪ್ಸಿ. ಈ ಎರಡರ ನಡುವೆ ನೆಂಟರು ಗೋಧಿ ನಿಲ್ಲಿಸಿಬಿಡಿ ಎಂದು ಒತ್ತಾಯಿಸಿದರು. ವೈದ್ಯರು ಬಿಲ್‌ಕುಲ್ ಬೇಡವೆಂದರು. ಬಯಾಪ್ಸಿಗೆ ಮೊದಲೇ ಗೋಧಿ ಬಿಟ್ಟರೆ ಕರುಳು ಸುಧಾರಿಸತೊಡಗಿ ಕಾಯಿಲೆ ಇಲ್ಲವೆಂಬ ತಪ್ಪು ವರದಿ ಬರಬಹುದು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅನುಮಾನವಿದ್ದರೆ ದಯವಿಟ್ಟು ಈ ಕ್ರಮವನ್ನು ತಪ್ಪಿಸಬೇಡಿ. ಇದು ಕುಟುಂಬದಲ್ಲಿ ಹರಿಯುವ ಕಾಯಿಲೆಯಾದ್ದರಿಂದ ಅವಳ ತಮ್ಮನಿಗೂ ನಮ್ಮಿಬ್ಬರಿಗೂ ರಕ್ತಪರೀಕ್ಷೆ ಮಾಡಿಸಿದೆವು.

2. ಎಷ್ಟು ಹಿಟ್ಟು ಹೆಚ್ಚಾಯಿತು ಎಂಬ ಲೆಕ್ಕ

ಒಂದು ಟೀ ಚಮಚ ಮೈದಾ ಸುಮಾರು 2.5 ಗ್ರಾಂ ತೂಗುತ್ತದೆ. ಅದರಲ್ಲಿ ಗ್ಲುಟೆನ್ ಹತ್ತಿರ ಹತ್ತಿರ 200 ಮಿಲಿಗ್ರಾಂ. ಈ ಕಾಯಿಲೆ ಇರುವ ಹೆಚ್ಚಿನವರು ದಿನಕ್ಕೆ 10 ಮಿಲಿಗ್ರಾಮಿನ ವರೆಗೆ ತಾಳಿಕೊಳ್ಳಬಲ್ಲರು, ದಿನವೂ 50 ಮಿಲಿಗ್ರಾಂ ಹೋದರೆ ಕರುಳಿಗೆ ಹಾನಿ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ. ಅಂದರೆ ತಾಳಿಕೊಳ್ಳುವ ಮಿತಿ ಒಂದು ಚಮಚ ಮೈದಾದ ಇಪ್ಪತ್ತನೇ ಒಂದು ಪಾಲು. ಲಟ್ಟಣಿಗೆಯ ಬಿರುಕಿನಲ್ಲಿ ಅಷ್ಟು ಹಿಟ್ಟು ಸದಾ ಇರುತ್ತದೆ. ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮೇಲೆ ಮನೆಯಲ್ಲಿ “ಇಷ್ಟಕ್ಕೆ ಏನಾಗುತ್ತದೆ” ಎಂಬ ಮಾತು ನಿಂತಿತು.

ಪೊಟ್ಟಣಗಳ ಮಟ್ಟಿಗೆ: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ “ಗ್ಲುಟೆನ್ ಫ್ರೀ” ಎಂದು ಬರೆಯಬೇಕಾದರೆ ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. “ಲೋ ಗ್ಲುಟೆನ್” ಎಂದಿದ್ದರೆ ಅದು 100ರ ವರೆಗೆ ಇರಬಹುದು. ಅದನ್ನು ನಾವು ಕೊಳ್ಳುವುದಿಲ್ಲ.

3. ಹೊರಗೆ ಹೋದ ಸಾಮಾನು

ಸ್ಟೀಲ್, ಗಾಜು, ಪಿಂಗಾಣಿ ಎಲ್ಲವೂ ಉಳಿದವು. ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು. ಹೋದದ್ದು ಗೀರು, ಬಿರುಕು, ರಂಧ್ರ ಇರುವ ವಸ್ತುಗಳು: ಚಪಾತಿ ಮಣೆ ಮತ್ತು ಲಟ್ಟಣಿಗೆ, ಮರದ ಸಟ್ಟುಗ, ಗೆರಟೆಯ ಸೌಟು, ಗೀರು ಬಿದ್ದ ನಾನ್‌ಸ್ಟಿಕ್ ತವಾ, ಹಿಟ್ಟಿನ ಜರಡಿ, ಪಾತ್ರೆ ತಿಕ್ಕುವ ಸ್ಪಂಜು. ಮಿಕ್ಸಿಯ ಒಣ ಜಾರಿನ ರಬ್ಬರ್ ವಾಷರ್ ತೆಗೆದು ನೋಡಿದರೆ ಕೆಳಗೆ ಹಳೆಯ ಹಿಟ್ಟು ಗಟ್ಟಿಯಾಗಿ ಕುಳಿತಿತ್ತು. ಹೊಸ ಜಾರಿಗೆ 780 ರೂಪಾಯಿ. ದೋಸೆಯ ಹಳೆಯ ಕಬ್ಬಿಣದ ಕಾವಲಿಯಲ್ಲಿ ಚಪಾತಿಯನ್ನೂ ಬೇಯಿಸುತ್ತಿದ್ದೆವು. ಅತ್ತೆಯ ಕಾಲದಿಂದ ಪಳಗಿದ ಕಾವಲಿ ಅದು, ಅದನ್ನು ಕೊಡಲು ಅವರಿಗೂ ನನಗೂ ಮನಸ್ಸಾಗಲಿಲ್ಲ. ಅದನ್ನೇ ಗೋಧಿಯ ಪಾಲಿಗೆ ಬಿಟ್ಟು, ದೋಸೆಗೆ ಹೊಸ ಬೀಡು ಕಬ್ಬಿಣದ ಕಾವಲಿ ತಂದೆವು, 1,150 ರೂಪಾಯಿ. ಪಳಗಿಸಲು ಈರುಳ್ಳಿ ಮತ್ತು ತೆಂಗಿನೆಣ್ಣೆ ಉಜ್ಜಿ ಕಾಯಿಸಿದರೂ ಮೊದಲ ವಾರಗಳ ನೀರುದೋಸೆಗಳೆಲ್ಲ ಹರಿದೇ ಎದ್ದವು.

ಅರೆಯುವ ಗ್ರೈಂಡರಿನಲ್ಲಿ ನಾವು ಅಕ್ಕಿ, ಉದ್ದು ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಕಲ್ಲನ್ನು ಬಿಚ್ಚಿ ಬಿಸಿನೀರಿನಲ್ಲಿ ಉಜ್ಜಿ, ಒಂದು ಸೇರು ಅಕ್ಕಿ ಅರೆದು ದನಕ್ಕೆ ಹಾಕಿ, ಅದನ್ನೇ ಉಳಿಸಿಕೊಂಡೆವು.

ಕಪಾಟಿನಿಂದ ಹೋದವು: ಹಾಲಿಗೆ ಹಾಕುವ ಮಾಲ್ಟ್ ಹುಡಿ (ಬಾರ್ಲಿ ಮತ್ತು ಗೋಧಿ), ಕಾರ್ನ್ ಫ್ಲೇಕ್ಸ್ (ಜೋಳವೇ ಆದರೂ ಬಾರ್ಲಿ ಮಾಲ್ಟ್ ಸೇರಿಸಿತ್ತು), ಸೋಯಾ ಸಾಸ್, ಶ್ಯಾವಿಗೆ ಪೊಟ್ಟಣ, ಬೇಕರಿಯ ಬಾಳೆಕಾಯಿ ಚಿಪ್ಸ್. ಚಿಪ್ಸಿನಲ್ಲಿ ಗೋಧಿಯಿಲ್ಲ, ಆದರೆ ಅದೇ ಬಾಣಲೆಯ ಎಣ್ಣೆಯಲ್ಲಿ ಮೈದಾದ ತಿಂಡಿಗಳೂ ಕರಿಯುತ್ತವೆ.

4. ಇಂಗು

ಅಂಗಡಿಯಲ್ಲಿ ಸಿಗುವ ಇಂಗು ಅಪ್ಪಟ ರಾಳವಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಹೆಚ್ಚಾಗಿ ಗೋಧಿಯದೇ. ಹುಡಿ ಇಂಗಿಗೆ ಮಾತ್ರ ಹೀಗೆ, ಗಟ್ಟಿ ಇಂಗು ಶುದ್ಧ ಎಂದು ಊರಲ್ಲಿ ಎಲ್ಲರೂ ನಂಬಿದ್ದಾರೆ. ಕನ್ನಡಕ ಹಾಕಿಕೊಂಡು ಡಬ್ಬದ ಸಣ್ಣ ಅಕ್ಷರ ಓದಿದಾಗ ನಮ್ಮ ಗಟ್ಟಿ ಇಂಗಿನಲ್ಲಿಯೂ ಗೋಧಿ ಹಿಟ್ಟಿತ್ತು.

ದೊಡ್ಡ ಪಾತ್ರೆಯ ಸಾರಿಗೆ ಬೀಳುವ ಒಂದು ಚಿಟಿಕೆಯಿಂದ ಒಬ್ಬಳ ಪಾಲಿಗೆ ಬರುವ ಗ್ಲುಟೆನ್ ಬಹಳ ಕಡಿಮೆ ಎಂದು ವಾದಿಸಬಹುದು, ಲೆಕ್ಕವೂ ಹಾಗೆಯೇ ಹೇಳುತ್ತದೆ. ಆದರೆ ಇಂಗು ಸಾರಿನಲ್ಲಿ, ಸಾಂಬಾರಿನಲ್ಲಿ, ಮಜ್ಜಿಗೆಯ ಒಗ್ಗರಣೆಯಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ ಎಲ್ಲೆಡೆ ಇದೆ. ದಿನವೂ ಕೂಡಿಸಿ ನೋಡುತ್ತಾ ಕುಳಿತುಕೊಳ್ಳುವುದಕ್ಕಿಂತ ಒಂದೇ ಸಲ ಬದಲಿಸುವುದು ಹಗುರ. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಎಂದು ಬರೆದ ಇಂಗು ಎರಡು ಪಟ್ಟಿಗಿಂತ ಹೆಚ್ಚು ಬೆಲೆಗೆ ಸಿಗುತ್ತದೆ. ಈಗ ಹಬ್ಬಕ್ಕೆ ಅದು, ಉಳಿದ ದಿನ ಬೆಳ್ಳುಳ್ಳಿ ಒಗ್ಗರಣೆ. ಹಳೆಯ ಮಾವಿನ ಮಿಡಿಯ ಭರಣಿಯನ್ನು ನಾದಿನಿಯ ಮನೆಗೆ ಕೊಟ್ಟೆವು. ಮಿಡಿಯ ಕಾಲ ಬಂದಾಗ ಇಂಗಿಲ್ಲದೆ ಹೊಸದು ಹಾಕಿದೆ, ರುಚಿಯಲ್ಲಿ ಕೊರತೆ ಕಾಣಲಿಲ್ಲ. ಉದ್ದಿನ ಹಪ್ಪಳ ಲಟ್ಟಿಸುವಾಗ ಮೈದಾ ಉದುರಿಸುವವರೂ ಇದ್ದಾರೆ, ಹಾಗಾಗಿ ಈಗ ಮನೆಯ ಹಲಸಿನ ಹಪ್ಪಳ ಮಾತ್ರ.

5. ಹಿತ್ತಲ ಜಗಲಿಯಲ್ಲಿ ಗೋಧಿಯ ಕಟ್ಟೆ

ಮಾವನಿಗೆ ಸಕ್ಕರೆ ಕಾಯಿಲೆ. ರಾತ್ರಿ ಎರಡು ಚಪಾತಿ ತಿಂದು ಅದನ್ನು ಹತೋಟಿಯಲ್ಲಿಟ್ಟವರು. “ಮಗುವಿಗೆ ಆಗದ್ದು ನನಗೂ ಬೇಡ” ಎಂದು ಬಿಡಲು ಸಿದ್ಧರಾದರು. ನಾವು ಒಪ್ಪಲಿಲ್ಲ. ಒಬ್ಬರ ಆರೋಗ್ಯಕ್ಕೆ ಇನ್ನೊಬ್ಬರ ಆರೋಗ್ಯವನ್ನು ಒತ್ತೆ ಇಡುವುದು ಸರಿಯಲ್ಲ. ಹಿಟ್ಟು ಕಲಸುವಾಗ ಗಾಳಿಗೆ ಏಳುವ ಧೂಳು ತಾಸುಗಟ್ಟಲೆ ತೇಲಿ ಪಾತ್ರೆಗಳ ಮೇಲೆ ಕೂರುತ್ತದೆ, ಒಂದೇ ಕೋಣೆಯಲ್ಲಿ ಎರಡೂ ನಡೆಯುವಂತಿರಲಿಲ್ಲ. ಗೋಧಿಗೆ ಹೊರಗೆ ಬೇರೆ ಕಟ್ಟೆ ಕಟ್ಟುವುದೆಂದು ತೀರ್ಮಾನಿಸಿದೆವು.

ಹಟ್ಟಿ ಕಟ್ಟಿದಾಗ ಉಳಿದಿದ್ದ ಮುರಕಲ್ಲುಗಳಿದ್ದವು. ಅವುಗಳಿಂದ ಎರಡು ಕಾಲು ಎಬ್ಬಿಸಿ, ಮೇಲೆ 2 ಅಡಿ ಅಗಲ, ಮೂರೂವರೆ ಅಡಿ ಉದ್ದದ ಗ್ರಾನೈಟ್ ತುಂಡು ಕೂರಿಸಿದೆವು. ಎತ್ತರ 32 ಇಂಚು. ಗ್ರಾನೈಟ್ ತುಂಡಿಗೆ 900, ಸಿಮೆಂಟು ಮತ್ತು ಹೊಯಿಗೆಗೆ 350. ಕೆಲಸ ಮಾಡಿದ್ದು ನನ್ನ ಗಂಡ ಮತ್ತು ಮೈದುನ.

ಮೊದಲು ಕಟ್ಟಿದ ಜಾಗ ಹೊಂದಲಿಲ್ಲ. ನೀರಿನ ನಳ್ಳಿ ಹತ್ತಿರವಿದೆ ಎಂದು ಅಡುಗೆಮನೆಯ ಕಿಟಕಿಯ ಬದಿಗೇ ಕಟ್ಟಿದ್ದೆವು. ಮಳೆಗಾಲದ ಪಡುಗಾಳಿ ಎದ್ದ ದಿನ ಗೋಧಿ ಹಿಟ್ಟಿನ ಡಬ್ಬ ತೆರೆದದ್ದೇ ತಡ, ಕಿಟಕಿಯ ಕಬ್ಬಿಣದ ಸರಳುಗಳ ಮೇಲೆ ಬಿಳಿ ಪುಡಿ ಕೂತಿತು. ಒದ್ದೆ ಬೆರಳಿನಿಂದ ಒರೆಸಿದರೆ ಬೆರಳಿಗೆ ಹತ್ತುತ್ತಿತ್ತು. ಎಲ್ಲ ಕಿತ್ತು ಜಗಲಿಯ ಇನ್ನೊಂದು ತುದಿಯಲ್ಲಿ, ಬಚ್ಚಲಿನ ಗೋಡೆಗೆ ತಾಗಿಸಿ ಮತ್ತೆ ಕಟ್ಟಿದೆವು. ಅಲ್ಲಿ ಗಾಳಿ ಮನೆಯಿಂದ ಹೊರಕ್ಕೆ ಹೋಗುತ್ತದೆ. ಕಟ್ಟುವವರು ಮೊದಲು ಒಂದು ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ಕಡೆಗೆ ಹೋಗುತ್ತದೆ ಎಂದು ನೋಡಿ.

ಒಲೆಯ ವಿಷಯದಲ್ಲಿಯೂ ಹಾಗೆಯೇ ಆಯಿತು. ಒಂಟಿ ಬರ್ನರಿನ ಗ್ಯಾಸ್ ಒಲೆ ಇಟ್ಟರೆ ಬಯಲ ಗಾಳಿಗೆ ಉರಿ ಓಲಾಡಿ ಚಪಾತಿಯ ಒಂದು ಬದಿ ಕರಿ, ಇನ್ನೊಂದು ಬದಿ ಹಸಿ. ತಗಡಿನ ಮರೆ ಕಟ್ಟಿದರೂ ಸರಿಯಾಗಲಿಲ್ಲ. ಕೊನೆಗೆ ಇಂಡಕ್ಷನ್ ಒಲೆ ತಂದೆವು, 2,300 ರೂಪಾಯಿ. ಅದಕ್ಕೆ 16 ಆಂಪಿಯರಿನ ಪ್ಲಗ್ ಪಾಯಿಂಟ್ ಹಾಕಿಸಲು ವಯರಿಂಗಿನವರಿಗೆ ಕೂಲಿ, ಸಾಮಾನು ಸೇರಿ 1,100. ಹಳೆಯ ಕಾವಲಿಯ ತಳ ಸಮತಟ್ಟಾಗಿದ್ದರಿಂದ ಇಂಡಕ್ಷನ್ನಿಗೆ ಹೊಂದಿತು.

ಕಟ್ಟೆಯ ನಿಯಮ ಹೀಗಿದೆ. ಗೋಧಿ ಹಿಟ್ಟಿನ ಡಬ್ಬ ಅಲ್ಲಿಯೇ ಇರುತ್ತದೆ, ಒಳಗೆ ಬರುವುದಿಲ್ಲ. ಮಾವನ ರಾತ್ರಿಯ ತಟ್ಟೆಯನ್ನು ಅಲ್ಲೇ ತೊಳೆದು ಅಲ್ಲೇ ಕವುಚಿಡುವುದು. ಅಲ್ಲಿನ ಇಕ್ಕಳ, ಸಟ್ಟುಗ, ಸ್ಪಂಜಿಗೆ ಕೆಂಪು ಟೇಪು. ಕಲಸಿದವರು ಸೋಪು ಹಾಕಿ ಕೈ ತೊಳೆದೇ ಒಳಗೆ ಬರಬೇಕು. ಸ್ಯಾನಿಟೈಸರ್ ಉಜ್ಜಿದರೆ ಗ್ಲುಟೆನ್ ಹೋಗುವುದಿಲ್ಲ.

6. ಆರು ತಿಂಗಳ ಮೇಲಿನ ವರದಿ

ಹಿಮೋಗ್ಲೋಬಿನ್ ಏರಿತು, ತೂಕ ಕೂಡಿತು, ಟಿಟಿಜಿ ಮಟ್ಟ ಮೊದಲಿನ ಅರ್ಧಕ್ಕಿಂತ ಕೆಳಗೆ ಬಂತು. ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಪೂರ್ತಿ ಇಳಿಯಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು ಎಂದು ವೈದ್ಯರು ಸಮಾಧಾನ ಹೇಳಿದರು, ಜೊತೆಗೆ ಎಲ್ಲಿಂದಾದರೂ ಸೇರುತ್ತಿದೆಯೇ ಎಂದು ಹುಡುಕಿರಿ ಎಂದರು.

ಅವಳು ತಿನ್ನುವ ಪ್ರತಿಯೊಂದನ್ನೂ ಬಾಯಿಂದ ಹಿಂದಕ್ಕೆ ಬೆನ್ನಟ್ಟುತ್ತಾ ಹೋದೆ. ತಟ್ಟೆ, ಪಾತ್ರೆ, ಡಬ್ಬ, ಅಂಗಡಿ, ಮಿಲ್ಲು. ಸಿಕ್ಕಿದ್ದು ಎರಡು. ಪುಟ್ಟಿನ ಅಕ್ಕಿ ಹುಡಿಯನ್ನು ಪೇಟೆಯ ಮಿಲ್ಲಿನಲ್ಲಿ ಮಾಡಿಸುತ್ತಿದ್ದೆವು, ಅದೇ ಯಂತ್ರದಲ್ಲಿ ಗೋಧಿಯೂ ಬೀಸಲ್ಪಡುತ್ತದೆ. ಬೇಸಿಗೆಯಲ್ಲಿ ಹುರಿದ ಕೊತ್ತಂಬರಿಯನ್ನು ಹುಡಿ ಮಾಡಿಸಿದ್ದೂ ಅಲ್ಲಿಯೇ. ಇವೆರಡರಲ್ಲಿ ಯಾವುದರಿಂದ ಎಂದು ಸಾಧಿಸಿ ತೋರಿಸಲಾಗದು. ಎರಡನ್ನೂ ನಿಲ್ಲಿಸಿದೆವು. ಮುಂದಿನ ವರದಿ ಸಾಮಾನ್ಯ ಮಿತಿಯೊಳಗೆ ಬಂತು.

7. ಮಿಲ್ಲಿಲ್ಲದೆ ಹಿಟ್ಟು

ಮಿಲ್ಲಿನವರು ಒಳ್ಳೆಯವರು. ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ನಮ್ಮ ಅಕ್ಕಿ ಹಾಕಿಕೊಡಲು ಒಪ್ಪಿದರು. ಆದರೆ ಹಿಂದಿನ ದಿನದ ಹಿಟ್ಟು ಯಂತ್ರದ ಹೊಟ್ಟೆಯಲ್ಲೂ ಚೀಲ ಕಟ್ಟುವ ಬಟ್ಟೆಯಲ್ಲೂ ಉಳಿದಿರುತ್ತದೆ. ಮೊದಲ ಎರಡು ಕಿಲೋ ದನಕ್ಕೆಂದು ಬೀಸಿ ತೆಗೆದರೂ ನನ್ನ ಸಂಶಯ ಹೋಗಲಿಲ್ಲ. ಮನೆಗೆ ಹಿಟ್ಟಿನ ಯಂತ್ರ ತರೋಣವೆಂದರೆ ಹದಿನೈದು ಸಾವಿರದ ಮೇಲೆ.

ಕೊನೆಗೆ ನಿಂತ ಕ್ರಮ: ಬೆಳ್ತಿಗೆ ಅಕ್ಕಿಯನ್ನು ಗೆರಸೆಯಲ್ಲಿ ಹರಡಿ ಆರಿಸಿ, ನಾಲ್ಕು ನೀರಿನಲ್ಲಿ ತೊಳೆದು, ಮೂರು ಗಂಟೆ ನೆನೆಸುವುದು. ರೇಷನ್ ಅಂಗಡಿಯಲ್ಲಿ ಗೋಧಿ ಅಳೆದ ಪಾತ್ರೆಯಲ್ಲೇ ಅಕ್ಕಿ ಅಳೆದಿದ್ದರೂ ಇಡೀ ಕಾಳನ್ನು ತೊಳೆಯಬಹುದು. ಹಿಟ್ಟನ್ನು ತೊಳೆಯಲಾಗದು. ಸಾಮಾನು ಕೊಳ್ಳುವಾಗ ನಾನು ಹಿಡಿದಿರುವ ಸೂತ್ರ ಇದೊಂದೇ. ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಮುಕ್ಕಾಲು ಗಂಟೆ ಹರಡಿ, ಮುಟ್ಟಿದರೆ ತಣ್ಣಗಿದ್ದು ಕೈಗೆ ಅಂಟದ ಹದ ಬಂದಾಗ ಮಿಕ್ಸಿಗೆ 200 ಗ್ರಾಮಿನಂತೆ ಹಾಕುವುದು. ಒಟ್ಟಿಗೆ ಹೆಚ್ಚು ಹಾಕಿದರೆ ಮೋಟರು ಕಾದು ನಿಲ್ಲುತ್ತದೆ. ಎರಡು ಸಲ ತಿರುಗಿಸಿ ಐದು ನಿಮಿಷ ಬಿಡುವು ಕೊಡಬೇಕು. ಜರಡಿ ಹಿಡಿದು, ದಪ್ಪ ತರಿಯನ್ನು ಪುಟ್ಟಿಗೆ, ನಯವಾದದ್ದನ್ನು ರೊಟ್ಟಿಗೆ ಬೇರ್ಪಡಿಸಿ, ಬಾಣಲೆಯಲ್ಲಿ ಬೆಚ್ಚಗೆ ಹುರಿದಿಟ್ಟರೆ ಎರಡು ವಾರ ಕೆಡುವುದಿಲ್ಲ. ಒಂದು ಕಿಲೋ ಹಿಟ್ಟಿಗೆ ನೆನೆಸುವ ಹೊತ್ತು ಬಿಟ್ಟು ಎರಡು ಗಂಟೆಯ ಕೆಲಸ.

8. ಮಧ್ಯಾಹ್ನದ ವರೆಗೆ ಮೆತ್ತಗಿರುವ ರೊಟ್ಟಿ

ಮನೆಯಲ್ಲಿ ನೀರುದೋಸೆ, ಪುಂಡಿ, ಒತ್ತುಶ್ಯಾವಿಗೆ, ಕಡುಬು, ಪತ್ರೊಡೆ ಏನಾದರೂ ಸರಿ. ಶಾಲೆಯ ಬುತ್ತಿಗೆ ಸುರುಳಿ ಸುತ್ತುವ ರೊಟ್ಟಿ ಬೇಕು ಎಂದು ಅವಳ ಆಸೆ, ಗೆಳತಿಯರೆಲ್ಲ ಅದನ್ನೇ ತರುತ್ತಾರೆ. ಬರಿಯ ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ತಟ್ಟಿದರೆ ಹತ್ತು ಗಂಟೆಗೆ ಅಂಚು ಒಡೆಯುತ್ತದೆ. ಕುಚ್ಚಿಲಕ್ಕಿ ಅನ್ನ ಅರೆದು ಸೇರಿಸಿದರೆ ಮೆತ್ತಗಿರುತ್ತದೆ, ಆದರೆ ಕೈಗೂ ಬಾಳೆಲೆಗೂ ಅಂಟುತ್ತದೆ. ಬೇಯಿಸಿದ ಮರಗೆಣಸು ಸೇರಿಸಿದ್ದು ರುಚಿಯಾಗಿತ್ತು, ಸುತ್ತಿದರೆ ಮುರಿಯಿತು. ಹೊಂದಿದ್ದು ಇಸಬಗೋಲಿನ ಹೊಟ್ಟು:

ಅಕ್ಕಿ ಹಿಟ್ಟು 200 ಗ್ರಾಂ, ಇಸಬಗೋಲು ಒಂದು ದೊಡ್ಡ ಚಮಚ, ನೀರು 280 ಮಿಲಿಲೀಟರ್, ಉಪ್ಪು, ತೆಂಗಿನೆಣ್ಣೆ ಒಂದು ಚಮಚ. ನೀರು ಕುದಿಸಿ ಹಿಟ್ಟು, ಇಸಬಗೋಲು ಒಟ್ಟಿಗೆ ಸುರಿದು ಮುಚ್ಚಿ, ಹತ್ತು ನಿಮಿಷದ ಮೇಲೆ ಬಿಸಿ ಇರುವಾಗಲೇ ನಾದಬೇಕು. ಬೆಂದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಟ್ಟೆ ಸುತ್ತಿ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದರೆ ಒಂದು ಗಂಟೆಗೆ ತೆರೆದಾಗಲೂ ಸುತ್ತಲು ಬರುತ್ತದೆ.

ಶಾಲೆಯ ಟೀಚರಿಗೆ ಒಂದು ಪುಟ ಬರೆದುಕೊಟ್ಟೆ. ಅವರು ಕೂಡಲೇ ಕೇಳಿದ್ದು ಚಾರ್ಟ್ ಅಂಟಿಸುವ ಮೈದಾ ಅಂಟಿನ ಬಗ್ಗೆ. ಅದು ನನಗೆ ಹೊಳೆದಿರಲಿಲ್ಲ. ಚರ್ಮಕ್ಕೆ ತಾಗಿದರೆ ತೊಂದರೆಯಿಲ್ಲ, ಆದರೆ ಅದೇ ಕೈಯಲ್ಲಿ ಉಣ್ಣುವ ಮಕ್ಕಳು. ಈಗ ಅವಳ ತಂಡಕ್ಕೆ ಟ್ಯೂಬಿನ ಗೋಂದು.

9. ಹೊರಗಿನ ಊಟ

ಮದುವೆ, ಗೃಹಪ್ರವೇಶದ ಊಟಕ್ಕೆ ಹಿಂದಿನ ದಿನವೇ ಅಡುಗೆಯವರಿಗೆ ಫೋನು. ಬಡಿಸತೊಡಗುವ ಮೊದಲು ಹಂಡೆಯಿಂದ ನೇರವಾಗಿ ಅನ್ನ, ಕುಚ್ಚಿಟ್ಟ ಪಲ್ಯ, ಮೊಸರು ತೆಗೆದಿಡುತ್ತಾರೆ. ಹೋಳಿಗೆಯ ಸೌಟು, ಪಾಯಸದ ಸೌಟು ಒಂದರೊಳಗೊಂದು ಬಂದ ಮೇಲೆ ಏನೂ ಬೇಡ. ಪಾಯಸ ಗೋಧಿಯದೂ ಆಗಿರಬಹುದು, ಶ್ಯಾವಿಗೆಯದೂ ಆಗಿರಬಹುದು. ಹಾಗಾಗಿ ಅಕ್ಕಿ ಪಾಯಸವನ್ನು ನಾವೇ ಒಯ್ಯುತ್ತೇವೆ.

ಹೋಟೆಲಿನಲ್ಲಿ ನಮಗೆ ಭರವಸೆ ಇರುವುದು ಮಧ್ಯಾಹ್ನದ ಊಟದ ಹೋಟೆಲಿನ ಮೇಲೆ. ಕುಚ್ಚಿಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗುಡೆ ಸಾರು, ಮೊಸರು. ಹುರಿದ ಮೀನಿಗೆ ರವೆಯೋ ಮೈದಾವೋ ಹಚ್ಚಿರುತ್ತಾರೆ. ದೋಸೆಯ ಕಾವಲಿಯಲ್ಲಿ ಮೈದಾ ಬೆರೆತ ರವೆ ದೋಸೆಯೂ ಹುಯ್ಯಲ್ಪಡುತ್ತದೆ, ಕೆಲವೆಡೆ ಪೊರೊಟ್ಟವೂ ಬೇಯುತ್ತದೆ. ಪುಟ್ಟು ಅಕ್ಕಿಯದೇ ಆದರೂ ಅದೇ ಕೊಳವೆಯಲ್ಲಿ ಗೋಧಿ ಪುಟ್ಟು ಬೇಯಿಸುವ ಹೋಟೆಲುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ದಮ್ ಬಿರಿಯಾನಿಯ ಪಾತ್ರೆಯ ಬಾಯಿಗೆ ಮೈದಾ ಕಣಕ ಮೆತ್ತುವ ಕ್ರಮವಿದೆ.

ಕೇಳಲು ಒಂದು ಚೀಟಿ ಮಾಡಿ ಲ್ಯಾಮಿನೇಟ್ ಮಾಡಿಸಿದ್ದೇನೆ, ಕನ್ನಡ, ಮಲಯಾಳ, ಹಿಂದಿಯಲ್ಲಿ. ಅಡುಗೆಮನೆಯೊಳಗೆ ಈಗ ಉತ್ತರದಿಂದ ಬಂದ ಹುಡುಗರೇ ಹೆಚ್ಚು, ಹಿಂದಿ ಇಲ್ಲದೆ ಆಗದು. ಮೊದಲ ಚೀಟಿಯಲ್ಲಿ ಗ್ಲುಟೆನ್ ಎಂದು ಬರೆದಿದ್ದು ಯಾರಿಗೂ ತಿಳಿಯಲಿಲ್ಲ. ಅದನ್ನು ತೆಗೆದು “ಗೋಧಿ, ಮೈದಾ, ರವೆ, ಇಂಗು, ಸೋಯಾ ಸಾಸ್ ಸ್ವಲ್ಪ ಸೇರಿದರೂ ಈ ಮಗುವಿಗೆ ಕಾಯಿಲೆಯಾಗುತ್ತದೆ, ತೊಳೆದ ಪಾತ್ರೆ, ಬೇರೆ ಸೌಟು ಬಳಸಿ” ಎಂದು ಬರೆದ ಮೇಲೆ ಹೆಚ್ಚಿನವರು ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಬೇಡ, ನಮ್ಮಲ್ಲಿ ಆಗದು ಎಂದು ಪ್ರಾಮಾಣಿಕವಾಗಿ ಹೇಳುವವರಿಗೆ ನಾನು ಕೈ ಮುಗಿದು ಬರುತ್ತೇನೆ.

10. ಪ್ರಯಾಣದ ಡಬ್ಬ

ಕಾಸರಗೋಡಿನಿಂದ ಬೆಂಗಳೂರಿಗೆ ರಾತ್ರಿ ರೈಲು. ಹೊರಡುವ ದಿನ ಪುಳಿಯೋಗರೆ, ಗೊಜ್ಜು ಮನೆಯದು. ಹುಳಿ ಇರುವುದರಿಂದ ರಾತ್ರಿಯೂಟಕ್ಕೆ ನಿಶ್ಚಿಂತೆ, ಮೊಸರನ್ನ ಸೆಖೆಗೆ ಹುಳಿತು ಹೋಗುತ್ತದೆ. ಬೆಳಗಿಗೆ ಒಣ ಅವಲಕ್ಕಿ, ಬೆಲ್ಲ, ಒಣಕೊಬ್ಬರಿ ಬೆರೆಸಿದ ಡಬ್ಬ ಮತ್ತು ನೇಂದ್ರ ಬಾಳೆಹಣ್ಣು.

ಉಳಿಯುವ ಕೋಣೆಗೆ 1.2 ಲೀಟರಿನ ನಮ್ಮದೇ ಕೆಟಲ್, 950 ರೂಪಾಯಿ. ಲಾಡ್ಜಿನ ಕೆಟಲಿನಲ್ಲಿ ಯಾರ್ಯಾರೋ ಮೈದಾ ನೂಡಲ್ಸ್ ಬೇಯಿಸಿರುತ್ತಾರೆ. ಇದರಲ್ಲಿ ಮೊಟ್ಟೆ ಬೇಯುತ್ತದೆ, ಒಣಗಿಸಿದ ಅಕ್ಕಿ ಶ್ಯಾವಿಗೆಗೆ ಕುದಿನೀರು ಸಿಗುತ್ತದೆ. ರೈಲಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ಪಾಯಿಂಟಿಗೆ ಕೆಟಲ್ ಸಿಕ್ಕಿಸಬಾರದು, ಅದಕ್ಕೆ ದಂಡವೂ ಇದೆ, ಬೆಂಕಿಯ ಅಪಾಯವೂ ಇದೆ. ಉಳಿದದ್ದು: ಸ್ಟೀಲ್ ತಟ್ಟೆ, ಚಮಚ, ಹೊಸ ಸ್ಪಂಜು, ಸೋಪು, ವೈದ್ಯರ ಚೀಟಿಯ ಪ್ರತಿ. ಎಲ್ಲ ಸೇರಿ ಮೂರೂವರೆ ಕಿಲೋ.

11. ಸಿಕ್ಕಿಬಿದ್ದಿರುವ ಕೆಲಸ: ಬನ್ಸ್

ಇವಳಿಗೆ ಬಿಡಲು ಕಷ್ಟವಾದದ್ದು ಒಂದೇ, ಬಾಳೆಹಣ್ಣಿನ ಬನ್ಸ್. ಗ್ಲುಟೆನ್ ಇಲ್ಲದೆ ಅದನ್ನು ಉಬ್ಬಿಸುವ ಪ್ರಯತ್ನ ನಡೆದೇ ಇದೆ. ಅಕ್ಕಿ ಹಿಟ್ಟು ಮತ್ತು ಹಣ್ಣು ಮಾತ್ರ ಹಾಕಿದಾಗ ಎಣ್ಣೆಯಲ್ಲಿ ಬಿಚ್ಚಿ ಹರಡಿತು. 200 ಗ್ರಾಂ ಹಿಟ್ಟಿಗೆ ಎರಡು ದೊಡ್ಡ ಚಮಚ ಇಸಬಗೋಲು ಹಾಕಿದರೆ ಬಿಚ್ಚಲಿಲ್ಲ, ಆದರೆ ಚಪ್ಪಟೆಯಾಗಿಯೇ ಉಳಿದು ಎಣ್ಣೆ ಕುಡಿಯಿತು. ಅರ್ಧ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ಉಳಿದರ್ಧ ಹಸಿ ಸೇರಿಸಿದಾಗ ಲಟ್ಟಿಸಲು ಬಂತು, ನಡುವೆ ಸ್ವಲ್ಪ ಉಬ್ಬಿತು, ಒಳಗೆ ಮಾತ್ರ ಅಂಟು ಅಂಟು.

ಮುಂದಿನ ಹಿಟ್ಟಿಗೆ ತೂಕ ಬರೆದಿಟ್ಟಿದ್ದೇನೆ: ಅಕ್ಕಿ ಹಿಟ್ಟು 140 ಗ್ರಾಂ, ಅದರಲ್ಲಿ 70 ಬೇಯಿಸಿದ್ದು. ಮನೆಯ ಕೂವೆ ಹುಡಿ 60 ಗ್ರಾಂ, ಇಸಬಗೋಲು ಒಂದೂವರೆ ದೊಡ್ಡ ಚಮಚ, ಹಣ್ಣು ಮೊದಲಿನ ಅರ್ಧ, ಮೊಸರು ಎರಡು ಚಮಚ, ಸೋಡಾ ಕಾಲು ಚಮಚ. ರಾತ್ರಿಯಿಡೀ ಇಡದೆ ಎರಡು ಗಂಟೆ ಮಾತ್ರ ಇಟ್ಟು ನೋಡಬೇಕೆಂದಿದೆ. ಯಾರಾದರೂ ಇದನ್ನು ಈಗಾಗಲೇ ಉಬ್ಬಿಸಿದ್ದರೆ ಹಿಟ್ಟಿನ ಅಳತೆ ಮತ್ತು ಎಣ್ಣೆಯ ಕಾವು ಎರಡನ್ನೂ ತಿಳಿಸಿ.